ನಾಲ್ಕಿಂಚಿನ ಡಿಸ್ಕಿಗೆ ಮೂರೂವರೆ ಇಂಚಿನ ಡಬ್ಬಿ

ಈ ಪ್ರಪಂಚದಲ್ಲಿ ಸುಳ್ಳು ಹೇಳದ ವಸ್ತು ಒಂದೇ ಒಂದು, ಅದು ನನ್ನ ಕೊರಳಲ್ಲಿರುವ ಟೇಪು. ಹೀಗೆಂದು ಮೂವತ್ತೆಂಟು ವರ್ಷದಿಂದ ಹೇಳಿಕೊಂಡು ಬಂದಿದ್ದೇನೆ. ಕೇಳಿದವರೆಲ್ಲ ಹೌದೆಂದು ತಲೆಯಾಡಿಸಿದ್ದಾರೆ, ಏಕೆಂದರೆ ಅವರ ಬಟ್ಟೆ ನನ್ನ ಹತ್ತಿರ ಇರುತ್ತಿತ್ತು. ಬೀದಿಯಲ್ಲಿ ನನಗೆ ‘ಅಳತೆ ಮೇಷ್ಟ್ರು’ ಎಂದು ಹೆಸರು. ಎದುರಿಗೆ ಗೌರವದಿಂದ ಕರೆಯುತ್ತಾರೆ, ಬೆನ್ನ ಹಿಂದೆ ಹೇಗೆ ಕರೆಯುತ್ತಾರೆಂದು ನಾನು ವಿಚಾರಿಸಲು ಹೋಗಿಲ್ಲ.

ನನ್ನ ಕೈಗುಣಕ್ಕೆ ಸಾಕ್ಷಿ ಬೇಕಾದರೆ ನನ್ನ ಹೆಂಡತಿಯ ಕೊನೆಯ ಕೋಟನ್ನು ನೋಡಬಹುದು. ಕಂದು ಬಣ್ಣದ ಉಣ್ಣೆ. ಟೇಪು ಮುಟ್ಟದೆ, ಬರೀ ನೆನಪಿನ ಮೇಲೆ ಕತ್ತರಿಸಿ ಹೊಲಿದದ್ದು. ಎದೆ ಮೂವತ್ತಾರು. ಮದುವೆಯಾದ ಇಪ್ಪತ್ತಾರು ವರ್ಷವೂ ಅವಳ ಅಳತೆ ಮೂವತ್ತಾರೇ. ಆ ಚಳಿಗಾಲವೆಲ್ಲ ಕೋಟು ಅವಳ ಮೈಮೇಲೆ ಅಚ್ಚು ಹೊಯ್ದ ಹಾಗೆ ಕೂತಿತ್ತು. ಅಂಗಡಿಗೆ ಬಂದವರ ಮುಂದೆ ಅವಳನ್ನು ನಿಲ್ಲಿಸಿ, ಹಿಂದೆ ಮುಂದೆ ತಿರುಗಿಸಿ, “ನೋಡಿ, ಟೇಪಿಲ್ಲದೆ ಹೊಲ್ದಿದ್ದು!” ಎಂದು ತೋರಿಸಿದ್ದೇನೆ. ಚಳಿ ಮುಗಿಯುವಷ್ಟರಲ್ಲಿ ಅವಳು ಹೋಗಿಬಿಟ್ಟಳು. ಕಾಯಿಲೆ ಇದೆ ಎಂದು ನಮಗೆ ತಿಳಿದ ದಿನಕ್ಕೂ ಅವಳು ಹೋದ ದಿನಕ್ಕೂ ನಡುವೆ ಹತ್ತೊಂಬತ್ತೇ ದಿನ. ಕೋಟು ಅಂಗಡಿಯ ಗೂಟದಲ್ಲಿ ನೇತಾಡುತ್ತಲೇ ಇತ್ತು, ಹದಿನಾಲ್ಕು ತಿಂಗಳು ನಾನದನ್ನು ಮುಟ್ಟಿರಲಿಲ್ಲ.

ಇಷ್ಟು ಪೀಠಿಕೆ. ಇನ್ನು ಡಿಸ್ಕಿನ ವಿಷಯಕ್ಕೆ ಬರುತ್ತೇನೆ.

ನಮ್ಮದು ಹೆಂಗಸರ ಬಟ್ಟೆ ಹೊಲಿಯುವ ಅಂಗಡಿ. ಪರದೆಯ ಆಚೆ ಅವಳು ಅಳತೆ ತೆಗೆಯಬೇಕು, ಈಚೆ ನಾನು ಹೊಲಿಯಬೇಕು. ಅವಳು ಚೀಟಿಯಲ್ಲಿ ಬರೆದದ್ದನ್ನು ಮರುದಿನ ಅವಳೇ ಓದಲಾರಳು. ಅವಳ ಅಕ್ಷರ ನಂಬಿ ಒಮ್ಮೆ ಒಬ್ಬರ ತೋಳನ್ನು ಮೊಣಕಾಲು ಮುಟ್ಟುವಷ್ಟು ಉದ್ದ ಹೊಲಿದಿದ್ದೆ. ಆ ಗಲಾಟೆ ಆದಮೇಲೆ ಮಗಳು ತನ್ನ ಹಳೆಯ ಕಂಪ್ಯೂಟರನ್ನು ಪರದೆಯ ಆಚೆ ಇಟ್ಟು, ಒಂದು ಮೈಕು ಸಿಕ್ಕಿಸಿ, “ಅಮ್ಮಾ, ನೀನು ಬರೀಬೇಡ, ಬಾಯಲ್ಲಿ ಹೇಳಿಬಿಡು, ಇದರಲ್ಲಿ ರೆಕಾರ್ಡ್ ಆಗುತ್ತೆ” ಎಂದಳು. ಏಳು ವರ್ಷ ಅವಳು ಹೇಳಿದಳು, ನಾನು ಕೇಳಿ ಕತ್ತರಿಸಿದೆ.

ಇದರಲ್ಲಿ ಒಂದು ಗುಟ್ಟಿತ್ತು. ಗಿರಾಕಿ ಎದುರಿಗಿದ್ದಾಗ ಅವಳು ಗಟ್ಟಿಯಾಗಿ ಹೇಳುವ ಅಳತೆ ಒಂದು. ಗಿರಾಕಿ ಬಾಗಿಲು ದಾಟಿದ ಮೇಲೆ ಮೈಕಿನ ಹತ್ತಿರ ಬಾಯಿಟ್ಟು ಮೆಲ್ಲಗೆ ಹೇಳುವ ಅಳತೆ ಇನ್ನೊಂದು. ಗಟ್ಟಿಯಾಗಿ ಹೇಳಿದ್ದು ಯಾವಾಗಲೂ ಐದಾರು ಇಂಚು ಕಮ್ಮಿ. “ಇದು ಟೇಪಿಗೆ ಮಾಡೋ ಅವಮಾನ ಕಣೇ” ಎಂದು ನಾನು ಎಗರಾಡಿದ್ದೆ. ಅವಳು ಬಾಯಿಂದ ಗುಂಡುಸೂಜಿ ತೆಗೆದು, “ಸತ್ಯ ಬಟ್ಟೆಗೆ ಹೇಳಿದ್ರೆ ಸಾಕು ರೀ, ಮನುಷ್ಯರಿಗ್ಯಾಕೆ?” ಎಂದಿದ್ದಳು.

ಅವಳು ಹೋಗಿ ವರ್ಷ ದಾಟಿದ ಮೇಲೆ ಆ ಕಂಪ್ಯೂಟರು ಒಂದು ದಿನ ಸುಟ್ಟ ವಾಸನೆ ಬಿಟ್ಟು ನಿಂತುಹೋಯಿತು. ರಿಪೇರಿಯವರು ಬಂದು ಮುಚ್ಚಳ ಬಿಚ್ಚಿ, ಒಳಗಿನಿಂದ ಇಟ್ಟಿಗೆಯಂಥ ಒಂದು ಭಾರದ ವಸ್ತು ತೆಗೆದು ನನ್ನ ಕೈಗಿಟ್ಟರು.

“ಕಂಪ್ಯೂಟರ್ ಸತ್ತಿದೆ, ಡಿಸ್ಕ್ ಬದುಕಿದೆ. ಇದಕ್ಕೊಂದು ಹೊರಗಿನ ಡಬ್ಬಿ ತಗೊಂಡು, ಒಳಗೆ ಕೂರಿಸಿ, ಮಗಳ ಲ್ಯಾಪ್‌ಟಾಪಿಗೆ ಚುಚ್ಚಿ. ಎಲ್ಲಾ ಸಿಗುತ್ತೆ. ಬೀಳಿಸ್ಬೇಡಿ ಅಷ್ಟೆ. ಬಿದ್ರೆ ಕಥೆ ಮುಗೀತು.”

“ಡಬ್ಬಿ ನಾನು ತರ್ತೀನಿ ಅಪ್ಪಾ” ಎಂದಳು ಮಗಳು. ಅವಳು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ, ಬರುವ ದಾರಿಯಲ್ಲೇ ಕಂಪ್ಯೂಟರ್ ಅಂಗಡಿ ಇದೆ. ತರಬಹುದಿತ್ತು. ಆದರೆ ರಿಪೇರಿಯವರ ಎದುರಿಗೆ, ಎದುರು ಅಂಗಡಿಯ ಬೀಗದವನ ಎದುರಿಗೆ ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ.

“ಡಬ್ಬಿ ಅಂದ್ರೇನು? ಒಂದು ಮೈ, ಅದಕ್ಕೊಂದು ಅಂಗಿ. ಅಳತೆ ವಿಷಯ ನನಗೆ ಬಿಡು.”

ಬೇರೆಯವರು ಹೋದ ಮೇಲೆ ಮಗಳು ಹೇಳಿದಳು: “ಬೇಗ ತಾ ಅಪ್ಪಾ. ಮೊನ್ನೆ ಅಮ್ಮ ನನ್ನ ಕೂಗ್ತಿದ್ದದ್ದು ನೆನಪು ಮಾಡ್ಕೊಳ್ಳೋಕೆ ನೋಡ್ದೆ. ಮಾತು ಬರುತ್ತೆ, ದನಿ ಬರ್ತಿಲ್ಲ.” ಅವಳಮ್ಮನಿಗೆ ಫೋನು ಮುಖದ ಮುಂದೆ ಹಿಡಿದರೆ ಸಿಟ್ಟು ಬರುತ್ತಿತ್ತು. ಹಾಗಾಗಿ ಬೇರೆಲ್ಲೂ ಅವಳ ಒಂದು ಮಾತೂ ಉಳಿದಿಲ್ಲ, ಇದ್ದರೆ ಈ ಇಟ್ಟಿಗೆಯೊಳಗೆ ಮಾತ್ರ. ನನಗೂ ದನಿ ಬರುತ್ತಿರಲಿಲ್ಲ. ನಾನದನ್ನು ಯಾರಿಗೂ ಹೇಳಿರಲಿಲ್ಲ.

ಡಿಸ್ಕನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಮರುದಿನವೇ ಕಂಪ್ಯೂಟರ್ ಅಂಗಡಿಗೆ ಹೋದೆ. ಅಂಗಡಿಯ ಯಜಮಾನಿ ಕನ್ನಡಕ ಹಣೆಗೇರಿಸಿ ಕೇಳಿದರು: “ಎರಡೂವರೆದಾ, ಮೂರೂವರೆದಾ?”

“ಏನು?”

“ಇಂಚು. ಲ್ಯಾಪ್‌ಟಾಪಿನ ಡಿಸ್ಕ್ ಎರಡೂವರೆ, ದೊಡ್ಡ ಕಂಪ್ಯೂಟರಿಂದು ಮೂರೂವರೆ. ನಿಮ್ಮದು ನೋಡಿದ್ರೇನೇ ಗೊತ್ತಾಗುತ್ತೆ, ಮೂರೂವರೆ.”

ನೋಡಿದರೇನೇ ಗೊತ್ತಾಗುತ್ತದಂತೆ! ನಾನು ನಿಧಾನವಾಗಿ ಕೊರಳಿಂದ ಟೇಪು ತೆಗೆದೆ. ಅಗಲ ಅಳೆದೆ, ನಾಲ್ಕು. ತಿರುಗಿಸಿ ಅಳೆದೆ, ನಾಲ್ಕು. ಉದ್ದ ಐದೂಮುಕ್ಕಾಲು, ದಪ್ಪ ಒಂದು.

“ಇದರಲ್ಲಿ ಮೂರೂವರೆ ಎಲ್ಲಿದೆ ತೋರಿಸಿ ಮೇಡಂ.”

“ಅದು ಹೆಸರು ಸಾರ್, ಅಳತೆ ಅಲ್ಲ. ಹಾಗಂತ ಕರೀತಾರೆ.”

“ಕರೀತಾರೆ ಅಂದ್ರೆ? ನಾಲ್ಕು ಮೀಟರ್ ಬಟ್ಟೆನ ಮೂರೂವರೆ ಅಂತ ಕರೀಬಹುದಾ?”

“ಕೊಡಿ ಇಲ್ಲಿ, ಹಾಕಿ ತೋರಿಸ್ತೀನಿ. ಸರಿಯಾಗಿ ಕೂರುತ್ತೆ.”

“ಮುಟ್ಬೇಡಿ!” ಎಂದು ನಾನು ಕೂಗಿದ್ದಕ್ಕೆ ಅಂಗಡಿಯಲ್ಲಿದ್ದ ನಾಲ್ಕು ಜನ ತಿರುಗಿ ನೋಡಿದರು. “ಅರ್ಧ ಇಂಚು ಕಮ್ಮಿ ಇರೋದ್ರೊಳಗೆ ತುರುಕ್ತೀರಾ? ಒಳಗಿರೋರಿಗೆ ಏನಾದ್ರೂ ಆದ್ರೆ?”

“ಒಳಗೆ ಯಾರಿದಾರೆ ಸಾರ್?” ಎಂದು ಯಜಮಾನಿ ಗಾಬರಿಯಿಂದ ಕೇಳಿದರು.

ಡಿಸ್ಕನ್ನು ಮತ್ತೆ ಟವೆಲ್ಲಿನಲ್ಲಿ ಸುತ್ತಿಕೊಂಡೆ. “ನಾಲ್ಕಿಂಚಿಂದು ಬಂದಾಗ ಹೇಳಿಕಳಿಸಿ” ಎಂದು ಹೊರಗೆ ಬಂದೆ. ನಾಲ್ಕಿಂಚಿನದು ಬರುವುದೇ ಇಲ್ಲವೆಂದು ಅವರು ಬಾಗಿಲವರೆಗೆ ಬಂದು ಹೇಳಿದರು. ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವರ ಜೊತೆ ಏನು ವಾದ ಮಾಡುವುದು ಎಂದುಕೊಂಡು ಬಂದೆ. ಮೊಲ ಯಾರ ಕೈಯಲ್ಲಿತ್ತು ಎಂಬುದು ಆಗ ಹೊಳೆಯಲಿಲ್ಲ.

ಸುದ್ದಿ ನನಗಿಂತ ಮುಂಚೆ ಬೀದಿ ತಲುಪಿತ್ತು. ಸಂಜೆಯ ಹೊತ್ತಿಗೆ ನನ್ನ ಭಾವಮೈದ ಬಂದ. ಹೆಂಡತಿಯ ತಮ್ಮ. ಯಾವ ವಿಷಯ ಎತ್ತಿದರೂ “ನಂಗೊತ್ತಿದೆ” ಎನ್ನುವುದರಿಂದ ಮನೆಯಲ್ಲಿ ಅವನ ಹೆಸರೇ ನಂಗೊತ್ತಪ್ಪ.

“ಭಾವ, ನಂಗೊತ್ತಿದೆ ಬಿಡಿ. ಮೂರೂವರೆ ಚಿಕ್ಕದಾಯ್ತು ಅಂತಾನೇ ನಾನು ಬೇರೆದು ತಂದೆ” ಎಂದು ಹೆಮ್ಮೆಯಿಂದ ಒಂದು ಪೊಟ್ಟಣ ಬಿಚ್ಚಿದ. ಎರಡೂವರೆ ಇಂಚಿನ ಡಬ್ಬಿ!

“ಇದು ಇನ್ನೂ ಚಿಕ್ಕದಲ್ವೇನೋ?”

“ಹೊಸ ಮಾದರಿ ಭಾವ. ಎಲೆಕ್ಟ್ರಾನಿಕ್ ಸಾಮಾನು ಹೊಸದಾದಷ್ಟೂ ಚಿಕ್ಕದಾಗುತ್ತೆ, ಹಿಡಿಯೋದು ಜಾಸ್ತಿ ಆಗುತ್ತೆ.”

ದೊಡ್ಡವರಿಗೆ ಮಗುವಿನ ಅಂಗಿ ತೊಡಿಸಲು ಹೊರಟ ಹಾಗೆ ನಾವಿಬ್ಬರೂ ಅರ್ಧ ಗಂಟೆ ಒದ್ದಾಡಿದೆವು. ಬೀಗದವನು ಬಂದು, ತನ್ನ ಅರದಿಂದ ಡಿಸ್ಕಿನ ಎರಡೂ ಬದಿ ಉಜ್ಜಿ ಇಳಿಸಿಕೊಡುತ್ತೇನೆ ಎಂದ. ಅವನನ್ನು ಬೈದು ಕಳಿಸಿದೆ. ನಂಗೊತ್ತಪ್ಪ ಡಿಸ್ಕಿನ ಮೇಲೆ ಕೈಯಿಟ್ಟು, “ಅಕ್ಕ ಇದರಲ್ಲಿ ನಿಜವಾಗ್ಲೂ ಇದಾಳಾ ಭಾವ?” ಎಂದು ಕೇಳಿದ. ಅವನ ಕಣ್ಣು ಒದ್ದೆಯಾಗಿತ್ತು. ಅದನ್ನು ನಾನು ನೋಡಿದೆನೆಂದು ಗೊತ್ತಾಗಿ, ಥಟ್ಟನೆ ಎದ್ದು ನಿಂತ. “ಇದು ಮೋಸ ಭಾವ. ನಾಲ್ಕಿಂಚಿನ ಸಾಮಾನಿಗೆ ಮೂರೂವರೆ ಅಂತ ಹೆಸರಿಡೋದು ಅಪರಾಧ. ತೂಕ ಅಳತೆ ಕಚೇರಿಗೆ ದೂರು ಕೊಡೋಣ!”

ನಾನು ಬೇಡ ಎನ್ನಬೇಕಿತ್ತು. ಆದರೆ ಅಳತೆಗೇ ಒಂದು ಸರ್ಕಾರಿ ಕಚೇರಿ ಇದೆ ಎಂದು ಕೇಳಿ ನನಗೆ ತವರುಮನೆ ಸಿಕ್ಕಷ್ಟು ಸಂತೋಷವಾಗಿತ್ತು.

ಆ ಕಚೇರಿಯ ಮೂರನೇ ಮಹಡಿಯಲ್ಲಿ ಒಬ್ಬ ಅಧಿಕಾರಿ ಕೂತಿದ್ದರು. ಅವರ ಹಿಂದೆ ಗಾಜಿನ ಬೀರುವಿನಲ್ಲಿ ಹೊಳೆಯುವ ತೂಕದ ಬಟ್ಟುಗಳು ಇದ್ದವು. ನನ್ನ ಕಥೆಯನ್ನು ಪೂರ್ತಿ ಕೇಳಿ, ಮೇಜಿನ ಖಾನೆಯಿಂದ ಉಕ್ಕಿನ ಅಳತೆಪಟ್ಟಿ ತೆಗೆದು, ಬಟ್ಟೆಯಿಂದ ಒರೆಸಿ, ಡಿಸ್ಕಿನ ಮೇಲಿಟ್ಟರು.

“ನಾಲ್ಕು” ಎಂದರು.

ನಾನು ಭಾವಮೈದನ ಕಡೆ ನೋಡಿದೆ. “ನಂಗೊತ್ತಿತ್ತು” ಎಂದ ಅವನು.

“ಆದರೆ ಒಂದು ತೊಡಕಿದೆ” ಎಂದು ಅಧಿಕಾರಿಗಳು ದಪ್ಪ ಪುಸ್ತಕ ತಿರುವಿದರು. “ಹೇಳಿದ್ದಕ್ಕಿಂತ ಕಮ್ಮಿ ಕೊಟ್ರೆ ಶಿಕ್ಷೆ ಇದೆ. ಜಾಸ್ತಿ ಕೊಟ್ರೆ ಏನು ಮಾಡ್ಬೇಕು ಅಂತ ಕಾನೂನಲ್ಲಿ ಇಲ್ಲ. ನಿಮಗೆ ಅರ್ಧ ಇಂಚು ಲಾಭ ಆಗಿದೆ. ಅದಕ್ಕೆ ದೂರು ಹೇಗೆ ಬರ್ಕೊಳ್ಳೋದು?”

“ನಂಗೆ ಲಾಭ ಬೇಡ ಸ್ವಾಮಿ, ಡಬ್ಬಿ ಬೇಕು.”

“ಆಯ್ತು. ಮೇಲಿನವರಿಗೆ ಬರೀತೀನಿ. ಈ ವಸ್ತು ಸಾಕ್ಷಿ ಅಂತ ಇಲ್ಲೇ ಇರ್ಲಿ. ಸೀಲ್ ಮಾಡಿ ಇಡ್ತೀವಿ. ಎರಡು ಮೂರು ವರ್ಷದಲ್ಲಿ ಏನಾದ್ರೂ ತೀರ್ಮಾನ ಆಗುತ್ತೆ.” ಎಂದವರೇ ಅರಗಿನ ಕಡ್ಡಿಗೆ ಕೈ ಹಾಕಿದರು.

ನನಗೆ ಏನಾಯಿತೋ ತಿಳಿಯದು. ಮೇಜಿನ ಮೇಲಿದ್ದ ಡಿಸ್ಕನ್ನು ಬಾಚಿಕೊಂಡು ಓಟ ಕಿತ್ತೆ. ಹಿಂದೆ ಅಧಿಕಾರಿಗಳು “ಸಾಕ್ಷಿ! ಸಾಕ್ಷಿ!” ಎಂದು ಕೂಗುತ್ತಿದ್ದರು. ಭಾವಮೈದ “ಭಾವ, ನಿಧಾನ!” ಎನ್ನುತ್ತಿದ್ದ. ಎರಡನೇ ಮಹಡಿಯ ತಿರುವಿನಲ್ಲಿ ಕಾಲು ಜಾರಿತು. ನಾನು ಬಿದ್ದದ್ದು ದೊಡ್ಡದಲ್ಲ, ನನ್ನ ಕೈಯಿಂದ ಡಿಸ್ಕು ಹಾರಿತು. ಟಣ್, ಟಣ್. ಎರಡು ಮೆಟ್ಟಿಲು.

ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಮೆಟ್ಟಿಲ ಮೇಲೆ ಕೂತು ಅದನ್ನು ಮಡಿಲಲ್ಲಿಟ್ಟುಕೊಂಡು, ಕಿವಿ ಹಚ್ಚಿ ಕೇಳಿದೆ. ಒಳಗಿನಿಂದ ಏನೂ ಕೇಳಿಸಲಿಲ್ಲ. ಅಂಥ ವಸ್ತುವಿನಲ್ಲಿ ಹಾಗೆ ಏನೂ ಕೇಳಿಸುವುದಿಲ್ಲ ಎಂದು ಗೊತ್ತಿದ್ದೂ ಕೇಳಿದೆ.

ಮಗಳಿಗೆ ಹೇಳಲು ಧೈರ್ಯ ಬರಲಿಲ್ಲ. ತಪ್ಪು ಮಾಡಿದ ದರ್ಜಿ ಮಾಡುವುದನ್ನೇ ಮಾಡಿದೆ, ಅಂದರೆ ಹೊಲಿಯಲು ಕೂತೆ. ಡಿಸ್ಕಿನ ಅಳತೆಗೆ ಸರಿಯಾಗಿ ಮೂರು ಪದರ ಹತ್ತಿ ತುಂಬಿದ ಒಂದು ಚೀಲ. ಒಳಗೆ ರೇಷ್ಮೆ ಅಸ್ತರಿ, ಮೇಲೆ ಎರಡು ಗುಂಡಿ, ತಂತಿ ಹೋಗಲು ಕಾಜಿನ ತೂತು. ಅಗಲ ನಾಲ್ಕಕ್ಕೆ ನಾಲ್ಕು. ಭಾನುವಾರ ಬೆಳಿಗ್ಗೆ ಮಗಳು ಅದನ್ನು ಎತ್ತಿ ನೋಡಿದಳು.

“ಏನಪ್ಪಾ ಇದು, ದಿಂಬಾ?”

“ಡಬ್ಬಿ.”

“ಇದಕ್ಕೆ ಕರೆಂಟ್ ಎಲ್ಲಿಂದ ಬರುತ್ತೆ?”

ಆಗ ಮೆಟ್ಟಿಲಿನ ಕಥೆಯೂ ಬಾಯಿಂದ ಹೊರಗೆ ಬಿತ್ತು. ಮಗಳು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಅಲ್ಲೇ ಸ್ಟೂಲಿನ ಮೇಲೆ ಕೂತು, ಆ ಹತ್ತಿಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅತ್ತಳು.

“ನಂಗೆ ಅಮ್ಮನ ದನಿ ಮರ್ತು ಹೋಗ್ತಿದೆ ಅಂದೆ. ನೀನು ಟೇಪ್ ಹಿಡ್ಕೊಂಡು ಊರೆಲ್ಲ ಸುತ್ತಿ, ಕೊನೆಗೆ ಬೀಳಿಸ್ಕೊಂಡು ಬಂದೆ. ಯಾವತ್ತಾದ್ರೂ ಒಂದು ದಿನ ಬೇರೆಯವರು ಹೇಳಿದ್ದು ಕೇಳಿದೀಯಾ ಅಪ್ಪಾ?”

ಅಷ್ಟರಲ್ಲಿ ಬಾಗಿಲ ಗಂಟೆ ಹೊಡೆದುಕೊಂಡಿತು. ನಮ್ಮ ಹಳೆಯ ಗಿರಾಕಿ, ಬೀದಿ ಕೊನೆಯ ಶಾಲೆಯ ಹೆಡ್‌ಮಿಸ್ಸು. ಭಾರೀ ಆಳು, ಭಾರೀ ದನಿ. ತೋಳಿನ ಮೇಲೆ ಒಂದು ಹಸಿರು ಕೋಟಿತ್ತು.

“ಗುಂಡಿ ಕಿತ್ತಿದೆ ಮೇಷ್ಟ್ರೇ. ಏನು, ಮಗಳನ್ನ ಯಾಕೆ ಅಳಿಸ್ತಿದೀರಿ?”

ಮಗಳು ಕಣ್ಣೊರೆಸಿಕೊಂಡು ಎಲ್ಲ ಹೇಳಿದಳು. ಅವರು ಶಾಲೆಯಲ್ಲಿ ತಪ್ಪಿತಸ್ಥರ ಹೇಳಿಕೆ ಕೇಳುವ ಹಾಗೆ ಪೂರ್ತಿ ಕೇಳಿ, ನನ್ನ ಕಡೆ ತಿರುಗಿದರು.

“ನನ್ನ ಎದೆ ಅಳತೆ ಎಷ್ಟು ಮೇಷ್ಟ್ರೇ?”

“ಮೂವತ್ತೆಂಟು” ಎಂದೆ.

“ಸುಳ್ಳು. ನಲವತ್ನಾಲ್ಕು. ಹದಿನೆಂಟು ವರ್ಷದಿಂದ ನಿಮ್ಮನೆಯವರು ಆ ಪರದೆ ಹಿಂದೆ ‘ಮೂವತ್ತೆಂಟು!’ ಅಂತ ಕೂಗೋರು. ನನ್ನ ಮೈ ನಂಗೆ ಗೊತ್ತಿಲ್ವಾ? ಮೂವತ್ತೆಂಟು ಅಂತ ಕೂಗಿದ ಕೋಟು ಪ್ರತಿ ಸಲ ನಂಗೆ ಸರಿಯಾಗಿ ಆಗೋದು. ಅವರು ಕರೆಯೋದು ಒಂದು, ಹೊಲಿಸೋದು ಒಂದು ಅಂತ ಅವತ್ತೇ ಗೊತ್ತಾಯ್ತು. ಅದನ್ನ ಕೇಳೋಕೇ ನಾನು ವರ್ಷಕ್ಕೊಂದು ಕೋಟು ಹೊಲಿಸ್ತಿದ್ದೆ.” ಅವರು ಮೂಗು ಸೀಟಿಕೊಂಡರು. “ಈಗ ಯಾರು ಕೂಗ್ತಾರೆ?”

ಈಗ ಈ ಪೆದ್ದನಿಗೂ ಹೊಳೆಯಿತು. ಹೆಸರು ಮೂರೂವರೆ, ಮೈ ನಾಲ್ಕು. ಕರೆಯುವುದೊಂದು, ಹೊಲಿಯುವುದೊಂದು. ಏಳು ವರ್ಷ ದಿನಾ ಕಿವಿಯಾರೆ ಕೇಳಿದ್ದು ಅದನ್ನೇ. ಅವಳಿದ್ದಿದ್ದರೆ ಆ ಅಂಗಡಿಯಲ್ಲಿ ಒಂದೇ ಮಾತಿಗೆ ತಲೆಯಾಡಿಸಿ ಡಬ್ಬಿ ತಂದುಬಿಡುತ್ತಿದ್ದಳು.

ಟೇಪನ್ನು ಗೂಟಕ್ಕೆ ಹಾಕಿ, ಡಿಸ್ಕನ್ನು ಎತ್ತಿಕೊಂಡು ಹೊರಟೆ. ಕಂಪ್ಯೂಟರ್ ಅಂಗಡಿಯ ಯಜಮಾನಿ ನನ್ನನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿದರು.

“ಮೂರೂವರೆದು ಕೊಡಿ ಮೇಡಂ” ಎಂದೆ.

ಅವರೇನೂ ಕೆದಕಲಿಲ್ಲ, ಒಳ್ಳೆಯ ಹೆಂಗಸು. ಕಪ್ಪು ಡಬ್ಬಿ ಬಿಚ್ಚಿ, ಡಿಸ್ಕನ್ನು ಎರಡು ಕೈಯಲ್ಲಿ ಹಿಡಿದು ಒಳಗೆ ಜಾರಿಸಿದರು. ಕಟ್ ಎಂದು ಕೂತಿತು. “ಚಿಕ್ಕವು ಲ್ಯಾಪ್‌ಟಾಪಿನ ಕರೆಂಟಲ್ಲೇ ನಡೀತವೆ. ಇದು ದೊಡ್ಡದು, ಅದು ಸಾಲೋದಿಲ್ಲ. ಜೊತೆಗೆ ಬಂದಿರೋ ಈ ಅಡಾಪ್ಟರನ್ನೇ ಗೋಡೆಗೆ ಹಾಕಿ, ಬೇರೆ ಯಾವುದನ್ನೂ ಹಾಕ್ಬೇಡಿ” ಎಂದರು. ಎಲ್ಲದಕ್ಕೂ ಹೂಂ ಎಂದೆ. ಬಿದ್ದಿತ್ತು ಎಂದು ಹೇಳಿದಾಗ ಮಾತ್ರ ಅವರು ಮುಖ ಸಣ್ಣ ಮಾಡಿದರು. “ಹಾಕಿ ನೋಡಿ ಸಾರ್. ಅದೃಷ್ಟ” ಎಂದರು.

ಮಧ್ಯಾಹ್ನ ಕತ್ತರಿಸುವ ಮೇಜಿನ ಮೇಲೆ ಲ್ಯಾಪ್‌ಟಾಪು ಇಟ್ಟೆವು. ಮಗಳು, ನಾನು, ಭಾವಮೈದ. ಒಂದು ತಂತಿ ಗೋಡೆಗೆ, ಒಂದು ಲ್ಯಾಪ್‌ಟಾಪಿಗೆ. ಮಗಳು ಸ್ವಿಚ್ ಒತ್ತಿದಳು. ಡಬ್ಬಿಯಲ್ಲಿ ನೀಲಿ ದೀಪ ಹತ್ತಿತು, ಒಳಗೆ ಏನೋ ಟಿಕ್ ಎಂದು ನಿಂತಿತು. ನಂಗೊತ್ತಪ್ಪ ಜೀವನದಲ್ಲಿ ಮೊದಲ ಸಲ “ಏನಾಯ್ತೋ ನಂಗೆ ಗೊತ್ತಿಲ್ಲ” ಎಂದ. ಆಮೇಲೆ ಮೆಲ್ಲಗೆ ತಿರುಗತೊಡಗಿತು.

“ಬಂತು” ಎಂದಳು ಮಗಳು.

ಒಂದರ ಕೆಳಗೊಂದು ನೂರಾರು ಹೆಸರು, ತಾರೀಖು. ಅವಳು ಯಾವುದೋ ಒಂದನ್ನು ಒತ್ತಿದಳು.

“ಹೆಡ್‌ಮಿಸ್ಸು, ಕೋಟು. ಎದೆ ಮೂವತ್ತೆಂಟು!”

ಅವಳೇ. ಅಂಗಡಿಯ ತುಂಬ ಅವಳೇ. ಚಪ್ಪಲಿಯ ಸದ್ದು, ಬಾಗಿಲ ಗಂಟೆ, ಆಮೇಲೆ ಕಿವಿಯ ಹತ್ತಿರವೇ ಮೆಲ್ಲಗೆ: “ನಲವತ್ನಾಲ್ಕು. ಸೊಂಟ ನಲವತ್ತೆರಡು. ಪಾಪ, ಮೊಣಕಾಲು ನೋವಂತೆ. ಉದ್ದ ಒಂದಿಂಚು ಕಮ್ಮಿ ಮಾಡಿ ರೀ, ಮೆಟ್ಟಿಲು ಹತ್ತೋವಾಗ ಎಡವಬಾರದು.”

ಮಗಳು ನಗುತ್ತ ಅಳುತ್ತಿದ್ದಳು. ಭಾವಮೈದ “ಅಕ್ಕಾ” ಎಂದವನು ಬಿಕ್ಕಿ ಬಿಕ್ಕಿ ಉಸಿರು ಸಿಗದ ಹಾಗಾದ. ಮಗಳು “ಬನ್ನಿ ಮಾವ, ನೀರು ಕುಡೀರಿ” ಎಂದು ಅವನನ್ನು ಹಿಂದಿನ ಕೋಣೆಗೆ ಕರೆದುಕೊಂಡು ಹೋದಳು.

ನಾನೊಬ್ಬನೇ ಉಳಿದೆ. ಮೌಸನ್ನು ಹಾಗೂ ಹೀಗೂ ಆಡಿಸುವಾಗ ಪಟ್ಟಿ ಕೆಳಗೆ ಸರಿದು, ‘ನನ್ನ ಕೋಟು’ ಎಂಬ ಹೆಸರು ಕಂಡಿತು. ಅವಳು ಹೋದ ಚಳಿಗಾಲದ ಮೊದಲ ವಾರ. ಇದನ್ನು ನಾನು ಕೇಳಿರಲಿಲ್ಲ. ಅವಳ ಅಳತೆಗೆ ಕೇಳುವುದೇನಿತ್ತು? ಒತ್ತಿದೆ.

“ನಂದು, ಕೋಟು. ಎದೆ ಮೂವತ್ತಾರು! ಕೇಳಿಸ್ತೇನ್ರೀ?”

ದೂರದಿಂದ, ಹೊಲಿಗೆ ಮಷೀನಿನ ಸದ್ದಿನ ಮಧ್ಯೆ ನನ್ನ ದನಿ: “ನಿನ್ನ ಅಳತೆ ನಂಗೆ ಹೇಳ್ಬೇಕೇನೇ? ಸುಮ್ನೆ ಟೇಪು ಸವೆಸ್ಬೇಡ.”

ಅವಳು ನಕ್ಕಳು. ಮಷೀನು ಮತ್ತೆ ಓಡಿತು. ಸ್ವಲ್ಪ ಹೊತ್ತು ಬರೀ ಮಷೀನು. ಆಮೇಲೆ ಮೈಕಿನ ಹತ್ತಿರ, ಮೆಲ್ಲಗೆ:

“ಮೂವತ್ತೊಂದು.”

ಒಂದು ಉಸಿರು.

“ಹೋದ ತಿಂಗಳು ಮೂವತ್ಮೂರಿತ್ತು. ಸ್ಕೂಲು ಹುಡುಗೀರ ಆರ್ಡರಿನ ನೂರಿಪ್ಪತ್ತು ಕೋಟೂ ಮುಗೀಲಿ, ಆಮೇಲೆ ಡಾಕ್ಟರ ಹತ್ರ ಹೋಗೋಣ. ಇದನ್ನ ಕೇಳ್ದಾಗ ಬೈತೀರಿ, ಗೊತ್ತು. ಬೈರಿ.”

ಅಷ್ಟೇ. ನಾನು ಕೇಳುತ್ತೇನೆ ಎಂದುಕೊಂಡಿದ್ದಳು. ಹೇಳಿ, ನಾನು ಬೈಯುವುದನ್ನು ಕಾದಳು. ನಾನು ಟೇಪಿಲ್ಲದೆ ಹೊಲಿದೆ ಎಂದು ಅವಳನ್ನು ನಿಲ್ಲಿಸಿ ತಿರುಗಿಸಿ ಬೀದಿಗೆಲ್ಲ ತೋರಿಸಿದೆ.

ಎದ್ದು ಗೂಟದಿಂದ ಕೋಟು ತೆಗೆದು ಒಳಮಗ್ಗುಲು ಹೊರಗೆ ಮಾಡಿದೆ. ಎರಡೂ ಬದಿಯಲ್ಲಿ ನನ್ನ ಹೊಲಿಗೆಯ ಒಳಗೆ ಇನ್ನೊಂದು ಹೊಲಿಗೆ ಇತ್ತು. ಕೈಹೊಲಿಗೆ, ಸೊಟ್ಟಪಟ್ಟ, ಕಂದು ಬಟ್ಟೆಗೆ ಕಪ್ಪು ದಾರ. ಒಂದೊಂದು ಬದಿಗೆ ಎರಡೂವರೆ ಇಂಚು ಒಳಗೆ ಹಿಡಿದಿದ್ದಳು. ಟೇಪು ಹಚ್ಚಿ ನೋಡಿದೆ. ಮೂವತ್ತೊಂದು, ಒಂದು ನೂಲೂ ಆಚೀಚೆ ಇಲ್ಲ. ಅಚ್ಚು ಹೊಯ್ದ ಹಾಗೆ ಕೂತದ್ದು ನನ್ನ ಕತ್ತರಿಯಿಂದಲ್ಲ.

ಹಿಂದಿನ ಕೋಣೆಯಲ್ಲಿ ಲೋಟ ಇಟ್ಟ ಸದ್ದಾಯಿತು. ಆ ಚಳಿಗಾಲವೆಲ್ಲ ಮಗಳು ದಿನಾ ಕೆಲಸದಿಂದ ಬಂದು ಆ ಕೋಟಿನ ಸಮೇತ ಅಮ್ಮನನ್ನು ತಬ್ಬಿಕೊಳ್ಳುತ್ತಿದ್ದಳು, ಅವಳ ಕೈಗೂ ಏನೂ ತಿಳಿದಿರಲಿಲ್ಲ. ಒಂದು ದಿನ ಅವಳೂ ಇದನ್ನು ಕೇಳುತ್ತಾಳೆ, ಡಿಸ್ಕು ಎಲ್ಲಿಗೂ ಹೋಗುವುದಿಲ್ಲ. ಇವತ್ತು ಬೇಡ ಅನ್ನಿಸಿತು. ಆ ಹೆಸರು ಕಾಣದ ಹಾಗೆ ಪಟ್ಟಿಯನ್ನು ಮೇಲೆ ಸರಿಸಿ, ಕೋಟನ್ನು ಹೊರಮಗ್ಗುಲಿಗೆ ತಿರುಗಿಸಿದೆ.

ಪರದೆಯ ಸಂದಿನಲ್ಲಿ ಕೋಟು, ಟೇಪು ಕಂಡು ಮಗಳು ಆಚೆಯಿಂದಲೇ ಕೇಳಿದಳು: “ಅಪ್ಪಾ, ಅಮ್ಮನ ಕೋಟು ಅಳೀತಿದೀಯಾ? ಎಷ್ಟಿದೆ?”

“ಮೂವತ್ತಾರು!” ಎಂದೆ ಗಟ್ಟಿಯಾಗಿ, ಆಚೆಗೂ ಕೇಳಿಸುವ ಹಾಗೆ.